ತಂಗಿಯ ಹೊಟ್ಟೆಯೊಳಗೆ ಅನಂತರಾಜು

ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಸಿಕ್ಕಿಕೊಂಡಿದ್ದಾಗ ಅನಂತರಾಜುವಿನ ಹೊಟ್ಟೆ ಗುಡುಗಿತು. ಬೇರೆ ಯಾರಾದರೂ ಆಗಿದ್ದರೆ ಹಸಿವು ಎಂದುಕೊಂಡು ಸುಮ್ಮನಾಗುತ್ತಿದ್ದರು. ಅನಂತರಾಜು ಸ್ಟಿಯರಿಂಗ್ ಬಿಟ್ಟು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ದೂರದಲ್ಲಿ ಬಿಸಿಲಿಗೆ ಮಿನುಗುತ್ತಿದ್ದ ಆಸ್ಪತ್ರೆಯ ನೀಲಿ ಗಾಜನ್ನು ನೋಡಿದ. ಆ ಗಾಜಿನ ಹಿಂದೆ ಎಲ್ಲೋ ಅವನ ತಂಗಿ ಶಾಂತಲಾ ಬೆಳಗಿನಿಂದ ಏನೂ ತಿನ್ನದೆ ಹೊಟ್ಟೆಯ ಸ್ಕ್ಯಾನಿಂಗಿಗೆ ಕಾಯುತ್ತಿದ್ದಾಳೆ. ಅವಳ ಹೊಟ್ಟೆಯೂ ಇದೇ ಕ್ಷಣಕ್ಕೆ ಗುಡುಗಿರಬಹುದೇ? ಗುಡುಗಿದ್ದರೆ ಮೊದಲು ಗುಡುಗಿದ್ದು ಯಾರದು, ಉತ್ತರ ಕೊಟ್ಟಿದ್ದು ಯಾರದು? ಹಿಂದಿನ ಆಟೋದವನು ಹಾರ್ನ್ ಹೊಡೆದ. ಅನಂತರಾಜು ಬೆಚ್ಚಿ, ಅದೂ ತನ್ನ ಹೊಟ್ಟೆಯದೇ ಸದ್ದೋ ಎಂದು ಒಂದು ಗಳಿಗೆ ಅನುಮಾನಪಟ್ಟ. ಪಕ್ಕದ ಸೀಟಿನಲ್ಲಿ ಮೊರದ ಬಾಗಿನ ಸೀಟ್‌ಬೆಲ್ಟ್ ಹಾಕಿಕೊಂಡು ಗಂಭೀರವಾಗಿ ಕೂತಿತ್ತು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಯ ಭಾರಕ್ಕೆ ಕಾರು ಅಲ್ಲಿ ಯಾರೋ ಮನುಷ್ಯರು ಕೂತಿದ್ದಾರೆಂದು ತಿಳಿದು ಜಾಲಹಳ್ಳಿಯಿಂದ ಬಿ.ಇ.ಎಲ್. ಸರ್ಕಲ್‌ವರೆಗೆ ಕೀಂಯ್ ಕೀಂಯ್ ಎಂದು ಅರಚಿತ್ತು, ಕೊನೆಗೆ ಅವನೇ ಗಾಡಿ ಪಕ್ಕಕ್ಕೆ ನಿಲ್ಲಿಸಿ ಬಾಗಿನಕ್ಕೆ ಬೆಲ್ಟ್ ಬಿಗಿದಿದ್ದ.

ಹೀಗೆಲ್ಲ ಯೋಚಿಸುವುದು ಹುಚ್ಚು ಎಂಬುದು ಬಿ.ಎ. ಓದಿದ ಅವನಿಗೆ ಗೊತ್ತಿತ್ತು. ಬಿ.ಎಸ್ಸಿ. ಓದುತ್ತಿರುವ ಮಗಳು ಮೋನಿಕಾ ಬಿಡಿಸಿಯೇ ಹೇಳಿದ್ದಳು: "ಅಪ್ಪಾ, ನಿನ್ ಸೆಲ್ಸ್ ಅತ್ತೆ ಮೈಗೆ ಹೋದ್ವು, ಮುಗೀತು. ಅವಕ್ಕೂ ನಿನಗೂ ಏನ್ ವೈಫೈ ಇದ್ಯಾ?" ವೈಫೈ ಇಲ್ಲವೆಂದು ಖಚಿತಪಡಿಸಿಕೊಳ್ಳಲೆಂದೇ ಅವನು ಆರ್.ಟಿ. ನಗರದಲ್ಲಿ ಯಾರದೋ ನಾಮಕರಣಕ್ಕೆ ಹೋದಾಗ ಬೇಕೆಂದೇ ಮೆಣಸಿನಕಾಯಿ ಬಜ್ಜಿಯನ್ನು ಕಣ್ಣಲ್ಲಿ ನೀರು ಬರುವಷ್ಟು ತಿಂದಿದ್ದ. ಅಂದು ಸಂಜೆಯೇ ಶಾಂತಲಾಳ ಗಂಡ ಗೋಪಿಯ ಫೋನು: "ಭಾವ, ಶಾಂತಿಗೆ ಹೊಟ್ಟೆ ಕೆಟ್ಟಿದೆ. ನಿಲ್ತಾನೇ ಇಲ್ಲ." ಅವತ್ತಿನಿಂದ ಅನಂತರಾಜು ಬಜ್ಜಿ ಬಿಟ್ಟ, ಉಪ್ಪಿನಕಾಯಿ ಬಿಟ್ಟ, ಭಾನುವಾರದ ಬಾಡೂಟ ಬಿಟ್ಟ. ಡಾಕ್ಟರು ತಂಗಿಗೆ ಹೇಳಿದ್ದ ಪಥ್ಯವನ್ನು ಅಣ್ಣ ಹಿಡಿದ: ಮೆತ್ತಗೆ ಬೆಂದ ಅನ್ನ, ಕಾಯಿಸಿ ಆರಿಸಿದ ನೀರು. ಅವಳು ದಿನದಿಂದ ದಿನಕ್ಕೆ ಇಳಿದಳು; ಇವನು ಬರೀ ಅನ್ನ ತಿಂದು ಊದಿಕೊಂಡ. ಕಸಿ ಮಾಡಿದ್ದು ಅವಳಿಗೆ, ಕಸಿವಿಸಿ ಇವನಿಗೆ ಎಂದು ತನಗೆ ತಾನೇ ಹೇಳಿಕೊಂಡು ನಕ್ಕ. ನಗು ಅರ್ಧಕ್ಕೇ ನಿಂತಿತು. ಹಾಸ್ಯ ಮಾಡಿಯೇ ಇಲ್ಲಿಗೆ ಬಂದದ್ದಲ್ಲವೇ.

ಶಾಂತಲಾಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ, ಅವಳ ಸ್ವಂತ ಮಜ್ಜೆಯನ್ನೆಲ್ಲ ಔಷಧಿಯಿಂದ ಗುಡಿಸಿ ಹಾಕಿ ಅಲ್ಲಿ ಬೇರೆಯವರ ಸ್ಟೆಮ್ ಸೆಲ್ ಬಿತ್ತಬೇಕು ಎಂದಿದ್ದರು. ಹೊಂದಿಕೆಯಾದದ್ದು ಅಣ್ಣನದು. ಊರಿಡೀ ಹೊಗಳಿತು. ಹೊಗಳಿಕೆಯನ್ನು ಸುಮ್ಮನೆ ನುಂಗಲಾರದೆ ಅನಂತರಾಜು ಸಿಕ್ಕವರಿಗೆಲ್ಲ "ತಂಗಿಗೆ ಆಸ್ತಿ ಕೊಡ್ಲಿಲ್ಲ ಕಣ್ರೀ, ಅಸ್ಥಿ ಕೊಟ್ಟೆ" ಎಂದು ಹೇಳಿಕೊಂಡು ತಿರುಗಿದ. ಯಶವಂತಪುರದ ಮಂಡಿಯವರು ನಕ್ಕರು, ಹೆಸರಘಟ್ಟದ ನೆಂಟರು ನಕ್ಕರು. ಶಾಂತಲಾ ನಗಲಿಲ್ಲ. ಆಮೇಲೆ, ಅವನ ಕೋಶಗಳನ್ನು ತುಂಬಿದ ಚೀಲ ನೇತಾಡುತ್ತಿದ್ದಾಗ, ಗೌರಿ ಹಬ್ಬ ಹತ್ತಿರವಿತ್ತು. ಪ್ರತಿವರ್ಷ ತವರಿನಿಂದ ಬಾಗಿನ ಒಯ್ಯುವವನು ಅವನೇ. ಆ ಚೀಲ ತೋರಿಸಿ ತಾಯಿ ಸೊಣ್ಣಮ್ಮನಿಗೆ, "ಈ ವರ್ಷದ್ದು ಇದೇ ಕಣಮ್ಮಾ. ಬ್ಯಾಗಿನ ಬಾಗಿನ" ಎಂದಿದ್ದ. ಬೇರೆ ಬಾಗಿನ ಕೊಡಲಿಲ್ಲ. ಸೊಣ್ಣಮ್ಮ ಆಗ ಏನೂ ಅನ್ನಲಿಲ್ಲ. ಇಂದು ಬೆಳಿಗ್ಗೆ, ಸ್ಕ್ಯಾನಿಂಗ್ ಎಂದು ಕೇಳಿದ್ದೇ, ಎರಡು ಮೊರ ತಂದು ಅವನ ಮುಂದೆ ಕುಕ್ಕಿದಳು.

"ನೀನು ಅಂಗೇ ಕೊಟ್ಬುಟ್ಟೆ ಕಣ್ಲಾ. ಅರಿಸ್ನ ಇಲ್ಲ, ಕುಂಕ್ಮ ಇಲ್ಲ, ಮೇಲೊಂದು ಮೊರ ಮುಚ್ಚಿಲ್ಲ. ಕೊಟ್ಟಂಗೇ ಆಗ್ನಿಲ್ಲ. ಅವು ಇನ್ನೂ ನಿನ್ನವೇ ಅಂದ್ಕೊಂಡು ಅವಳ ಒಟ್ಟೇಲಿ ಕುಣೀತಾ ಅವೆ. ವೋಗು, ನೆಟ್ಗೆ ಕೊಟ್ಟು ಬಾ."

"ಅಮ್ಮಾ, ಆಸ್ಪತ್ರೆಗೆ ಇದೆಲ್ಲಾ ಬಿಡಲ್ಲ."

"ಬಾಯಿಗ್ ಬಂದಿದ್ದೆಲ್ಲಾ ಆಡಕ್ಕೆ ಬಿಡ್ತಾರಲ್ಲ, ಇದನ್ಯಾಕ್ ಬಿಡಲ್ಲ?"

ಸ್ಕ್ಯಾನಿಂಗ್ ವಿಭಾಗದ ಬಾಗಿಲಲ್ಲಿ ಸೆಕ್ಯೂರಿಟಿ ಪಂಚಪ್ಪ ನಿಜಕ್ಕೂ ಬಿಡಲಿಲ್ಲ. ಬಾಗಲಕೋಟೆಯ ಕಡೆಯವನು, ದಪ್ಪ ಮೀಸೆ, ಮೀಸೆಯ ಮೇಲೆ ಮಾಸ್ಕು. ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು, ಬಿಳಿ ಅಂಗಿ ತೊಟ್ಟು, ಒಂದರ ಮೇಲೊಂದು ಕವುಚಿದ ಮೊರಗಳನ್ನು ಕೂಸಿನಂತೆ ಎತ್ತಿಕೊಂಡು ಬಂದ ಧಡೂತಿ ಮನುಷ್ಯನನ್ನು ಅವನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಯಜಮಾನ್ರ, ಇದೇನ್ರೀ ಇದು? ಒಳಗ ಸ್ಕ್ಯಾನ್ ಮಾಡ್ತಾರ್ರೀ. ಅಕ್ಕಿ ಹಸನ ಮಾಡಂಗಿಲ್ಲ."

"ಬಾಗಿನ ರೀ. ತಂಗಿಗೆ."

"ಗೌರಿ ಹೋಗಿ ಎಷ್ಟ್ ದಿನ ಆತ್ರೀ? ಈಗ ತಂದೀರಿ?"

ಸಾಲಾಗಿ ಕೂತಿದ್ದ ರೋಗಿಗಳ ಕಡೆಯವರೆಲ್ಲ ತಿರುಗಿ ನೋಡಿದರು. ಯಲಹಂಕದಲ್ಲಿ ಮೂರು ಪಿ.ಜಿ. ಕಟ್ಟಡಗಳ ಒಡೆಯ, ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದೇ ಅಭ್ಯಾಸವಾದವನು, ಈಗ ಬಾಗಿಲಲ್ಲಿ ನಿಂತು ಉತ್ತರ ಹುಡುಕುತ್ತಿದ್ದ. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಗಾಲಿಕುರ್ಚಿ ಬಂತು. ತಳ್ಳುತ್ತಿದ್ದವನು ಗೋಪಿ. ಕುರ್ಚಿಯಲ್ಲಿದ್ದದ್ದು ಒಂದು ದೊಡ್ಡ ಮಾಸ್ಕು, ಅದರ ಮೇಲೆ ಎರಡು ಕಣ್ಣು, ಅದರ ಮೇಲೆ ಈಗಷ್ಟೇ ಮೊಳೆಯುತ್ತಿದ್ದ ಕೂದಲಿನ ಬೂದು ನವಿರು. ಕಣ್ಣುಗಳು ಮೊರವನ್ನು ನೋಡಿದವು, ಅಣ್ಣನನ್ನು ನೋಡಿದವು, ಕಿರಿದಾದವು. ನಗುತ್ತಿದ್ದಾಳೆ ಎಂದು ಅನಂತರಾಜುವಿಗೆ ಗೊತ್ತಾಯಿತು. ಅವಳ ಕಣ್ಣು ಕಿರಿದಾದಾಗೆಲ್ಲ ಅವನ ಎದೆ ಸಣ್ಣಗೆ ಹೆದರುತ್ತಿತ್ತು, ಚಿಕ್ಕಂದಿನಿಂದಲೂ.

"ಏನಣ್ಣಾ, ಕೇರ್ತೀಯಾ ನನ್ನ?"

"ಅಮ್ಮ ಕಳ್ಸಿದ್ದು."

"ತೆಗಿ ನೋಡೋಣ."

ದೂರದಿಂದಲೇ ಮೇಲಿನ ಮೊರ ಎತ್ತಿ ತೋರಿಸಿದ. ಬಳೆ, ಕರಿಮಣಿ, ಕನ್ನಡಿ, ರವಿಕೆ ಕಣ, ಎಲ್ಲದರ ಮೇಲೆ, ಸೊಣ್ಣಮ್ಮ ಶಾಸ್ತ್ರ ಬಿಡದೆ ಇಟ್ಟಿದ್ದ ಕಟ್ಟಿಗೆಯ ಬಾಚಣಿಗೆ.

ಪಂಚಪ್ಪ ಸೂರು ನೋಡಿದ. ಶಾಂತಲಾ ತಲೆಯ ನವಿರನ್ನು ಬೆರಳಿಂದ ಒಮ್ಮೆ ನೇವರಿಸಿಕೊಂಡು, "ಪರ್ವಾಗಿಲ್ಲ, ಬೈತಲೆ ತೆಗೆಯೋದು ಸುಲಭ. ಪೂರ್ತಿ ಬೈತಲೇನೇ" ಎಂದಳು. ಗೋಪಿ ನಕ್ಕ. ಅನಂತರಾಜು ನಗಬೇಕೆಂದುಕೊಂಡ, ಇಂಥ ಮಾತು ತನಗೆ ಮೊದಲು ಹೊಳೆಯಬೇಕಿತ್ತಲ್ಲ ಎಂಬ ಸಣ್ಣ ಹೊಟ್ಟೆಕಿಚ್ಚು ನಗುವಿಗಿಂತ ಮುಂಚೆ ಬಂತು. ಕ್ಯಾನ್ಸರ್ ಬಂದ ತಂಗಿಯ ಮೇಲೆ ಹೊಟ್ಟೆಕಿಚ್ಚು! ಆ ಕಿಚ್ಚೇ ಅಲ್ಲವೇ ಈಗ ಅವಳ ಹೊಟ್ಟೆಯಲ್ಲಿ ಉರಿಯುತ್ತಿರುವುದು? "ಭಾವ, ಕಾಯಿ, ಕಾಳು, ಏನೂ ಅವಳ ಹತ್ರ ತರೋ ಹಂಗಿಲ್ಲ. ಧೂಳು, ಬೂಷ್ಟು ಇರುತ್ತೆ" ಎಂದು ಗೋಪಿ ಮೆಲ್ಲಗೆ ಹೇಳಿದ. ಪಂಚಪ್ಪ ಮೊರಗಳನ್ನು ತೆಗೆದುಕೊಂಡು ತನ್ನ ಮೇಜಿನ ಪಕ್ಕ ಇಟ್ಟ. ಗಾಲಿಕುರ್ಚಿ ಒಳಗೆ ಹೋಯಿತು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅನಂತರಾಜು ಎದುರಿನ ಗೋಡೆ ನೋಡಿದ. ಪ್ಲಾಸ್ಟರಿಂಗ್ ಚೆನ್ನಾಗಿಲ್ಲ, ಮೂಲೆಯಲ್ಲಿ ತೇವ ಏರಿದೆ. ಅವನಿಗೆ ಯಾವ ಗೋಡೆ ನೋಡಿದರೂ ತೇವವೇ ಮೊದಲು ಕಾಣುವುದು. ಯಲಹಂಕದ ಮೊದಲ ಕಟ್ಟಡದ ಗೃಹಪ್ರವೇಶದ ದಿನವೂ ಅವನು ಗೋಡೆ ನೋಡುತ್ತಲೇ ನಿಂತಿದ್ದ, ನಗು ಕೇಳಿ ತಿರುಗಿದ. ಪುರೋಹಿತರು, ಮಂಡಿಯವರು, ಹೊಸ ಬಾಡಿಗೆ ಹುಡುಗರು, ಹೆಂಡತಿಯ ಕಡೆಯವರು, ಎಲ್ಲರ ನಡುವೆ ಶಾಂತಲಾ ನಿಂತಿದ್ದಳು. ಯಾರದೋ ಕೂಲಿಂಗ್ ಗ್ಲಾಸನ್ನು ತಲೆಯ ಮೇಲೇರಿಸಿಕೊಂಡು, ಹೊಟ್ಟೆ ಮುಂದೆ ತಳ್ಳಿ, ಫೋನು ಕಿವಿಗಿಟ್ಟು, "ಹ್ಞುಕ್ಕುಂ... ಅನಂತರಾಜು... ಓನರ್ರು" ಎಂದಳು. ಆಮೇಲೆ ಕನ್ನಡಕ ಎಲ್ಲಿ ಹೋಯಿತೆಂದು ಜೇಬು ತಡಕಾಡಿದಳು. ಪಂಚೆ ಕಟ್ಟಿದ ಪುರೋಹಿತರು ಪಂಚೆ ಹಿಡಿದುಕೊಂಡು ನಕ್ಕರು. ಸೊಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಊರಿನಲ್ಲಿ ಮಿಮಿಕ್ರಿ ಎಂದರೆ ಅನಂತರಾಜು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಬೆಕ್ಕಿನವರೆಗೆ ಎಲ್ಲರನ್ನೂ ಮಾಡಿದವನು. ಅವನು ಮಾಡದೆ ಬಿಟ್ಟಿದ್ದು ಒಬ್ಬನೇ ಒಬ್ಬನನ್ನು. ಆ ಒಬ್ಬನನ್ನು ತಂಗಿ ಮಾಡಿಬಿಟ್ಟಳು. ತಾನು ಹೆಸರು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತೇನೆಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಂದಿನಿಂದ ಪ್ರತಿ ಫೋನಿನಲ್ಲೂ ಹ್ಞುಕ್ಕುಂ ಬಂದಾಗ, ಇದು ತನ್ನದೋ ಅವಳದೋ ಎಂದು ಹಲ್ಲು ಕಚ್ಚುತ್ತಿದ್ದ. ಬಿಡಲು ನೋಡಿದ. ಬಿಟ್ಟರೆ ಹೆಸರೇ ಹೊರಡುತ್ತಿರಲಿಲ್ಲ.

ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು, ರಕ್ತ ಈ ಕೈಯಿಂದ ಹೋಗಿ ಯಂತ್ರದಲ್ಲಿ ಸುತ್ತಿ ಆ ಕೈಗೆ ಮರಳುತ್ತಿದ್ದಾಗ, ಅವನು ಮಲಗಿ ಯೋಚಿಸುತ್ತಿದ್ದದ್ದು ಇದನ್ನೇ. ಪುಣ್ಯದ ಕೆಲಸ ಮಾಡುವಾಗ ಮನಸ್ಸಿನಲ್ಲಿ ದೇವರೋ ದಿಂಡರೋ ಬರಬೇಕು. ಅವನಿಗೆ ಬಂದದ್ದು ಗೃಹಪ್ರವೇಶ. ಮೂಗು ತುರಿಸುತ್ತಿತ್ತು. ಕೈ ಅಲ್ಲಾಡಿಸುವಂತಿಲ್ಲ. ಗೋಪಿ ಪಕ್ಕದಲ್ಲಿ ಕೂತು, "ಎಲ್ಲಿ ಭಾವ, ಇಲ್ಲೇನಾ? ಇನ್ನೂ ಕೆಳಗಾ?" ಎಂದು ಕೇಳಿ ಕೇಳಿ ಕೆರೆದುಕೊಟ್ಟ. ಮಧ್ಯೆ ನಗು ತಡೆಯಲಾರದೆ, "ಶಾಂತಿ ನಿಮ್ಮ ಥರ ಮಾಡ್ತಾಳಲ್ಲ, ಹ್ಞುಕ್ಕುಂ ಅಂತ, ಮೊನ್ನೆ ವಾರ್ಡಲ್ಲಿ ನರ್ಸ್‌ಗಳಿಗೆಲ್ಲಾ ಮಾಡಿ ತೋರಿಸಿದ್ಲು ಭಾವ" ಎಂದ. ವಾರ್ಡಲ್ಲಿ! ಇಲ್ಲಿ ತಾನು ಎರಡು ಕೈ ಕಟ್ಟಿಹಾಕಿಸಿಕೊಂಡು ಬಿದ್ದಿದ್ದೇನೆ, ಅಲ್ಲಿ ಅವಳು ತನ್ನನ್ನು ಮಾಡಿ ತೋರಿಸುತ್ತಿದ್ದಾಳೆ. ಅವನ ಬಾಯಿ ಮುಚ್ಚಿಯೇ ಇತ್ತು. ಒಳಗೆ ಮಾತ್ರ, ಅವರ ಮನೆಯಲ್ಲಿ ಸೊಣ್ಣಮ್ಮ ಕೋಳಿಗೆ, ನಲ್ಲಿಗೆ, ಟಿ.ವಿ.ಯ ರಿಮೋಟಿಗೆ ದಿನಕ್ಕೆಷ್ಟೋ ಸಲ ಹಾಕುವ ಬೈಗುಳ ತಾನಾಗಿ ಬಂದುಹೋಯಿತು: ನಿನ್ ಹೊಟ್ಟೆ ಸೇದೋಗ.

ಅದೇ ಕ್ಷಣಕ್ಕೆ ಯಂತ್ರ ಟಣ್ ಎಂದಿತು. ಏನೋ ತುಂಬಿತು ಎಂಬಂತೆ.

ಈಗ ಅವಳ ಹೊಟ್ಟೆಯೇ. ಕೊಟ್ಟವರ ಕೋಶಗಳು ಕೆಲವೊಮ್ಮೆ ಹೊಸ ಮೈಯ ಮೇಲೇ ತಿರುಗಿಬೀಳುತ್ತವೆ, ಹಾಗೆ ಬಂದರೆ ಚರ್ಮಕ್ಕೆ ಬರಬಹುದು, ಕಣ್ಣಿಗೆ ಬರಬಹುದು ಎಂದಿದ್ದರು. ಬಂದದ್ದು ಹೊಟ್ಟೆಗೇ. ಕೋಶಗಳು ಆಜ್ಞೆ ಕೇಳಿಸಿಕೊಂಡೇ ಹೊರಟಿದ್ದವೇನೋ. ಸ್ಕ್ಯಾನಿನಲ್ಲಿ ಸೋಂಕು ಎಂದು ಬಂದರೆ ತಾನು ಬಚಾವು. ಯಾವುದೋ ಕ್ರಿಮಿ, ಅದಕ್ಕೂ ಗೃಹಪ್ರವೇಶಕ್ಕೂ ಸಂಬಂಧವಿಲ್ಲ. ದಾನಿಯ ಕೋಶಗಳ ಕೆಲಸ ಎಂದು ಬಂದರೆ? ತಂಗಿಯ ಕರುಳಿಗೆ ಅಣ್ಣನ ಸೋಂಕಿಗಿಂತ ಯಾವುದಾದರೂ ಪರದೇಶಿ ಕ್ರಿಮಿ ವಾಸಿ ಎಂದು ಅವನು ಮನೆದೇವರಿಗೆ ಹರಸಿಕೊಂಡ. ಹರಸಿಕೊಂಡ ಮೇಲೆ, ತಾನು ಬೇಡಿಕೊಂಡದ್ದು ತಂಗಿಗೆ ಸೋಂಕಾಗಲಿ ಎಂದಲ್ಲವೇ ಎಂದು ಹೊಳೆದು, ಅದನ್ನೂ ವಾಪಸು ತೆಗೆದುಕೊಂಡ.

"ಡಾಕ್ಟರ್ ಏನಂತಾರ್ರೀ ತಂಗೀಗೆ?" ಎಂದ ಪಂಚಪ್ಪ. ಸೆಕೆಗೆ ಮೇಲಿನ ಮೊರ ತೆಗೆದು ಗಾಳಿ ಬೀಸಿಕೊಳ್ಳುತ್ತಿದ್ದ.

ಇಷ್ಟು ಸಾಕಾಯಿತು. ಕೇಳುವವರಿದ್ದರೆ ಅನಂತರಾಜುವಿನ ಭಯ ತಾನಾಗಿ ಬೇರೆಯವರ ದನಿಯಾಗಿಬಿಡುತ್ತಿತ್ತು. ಕಸಿ ಮಾಡಿದ ಡಾ. ಕಾಶಿನಾಥರು ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಕಾರು ಪಾರ್ಕ್ ಮಾಡುವಷ್ಟು ಜಾಗ ಬಿಟ್ಟು ಮಾತಾಡುವವರು. ಅನಂತರಾಜು ಎದ್ದು ನಿಂತು, ಕೈಗಳನ್ನು ಬೆನ್ನಿಗೆ ಕಟ್ಟಿ, ಕತ್ತನ್ನು ಆಮೆಯಂತೆ ಮುಂದೆ ಚಾಚಿದ.

"ಅಂದ್ರೇ... ನೋಡೀ... ಕರುಳೂ... ಒಂದು... ಮನೆ. ನಿಮ್ಮ... ಕೋಶಗಳೂ... ಹೊಸಾ... ಬಾಡಿಗೆದಾರ್ರು. ಬಾಡಿಗೆಗೆ... ಬಂದೋರೂ... ಮನೆಯೋರನ್ನೇ... ಯಾರ್ರೀ... ನೀವೂ... ಅಂತ..."

ಕುರ್ಚಿಗಳ ಸಾಲಿನಲ್ಲಿ ನಗು ಎದ್ದಿತು. ಪಂಚಪ್ಪ ಮೊರ ಬೀಸುತ್ತ ಬೀಸುತ್ತ ನಿಲ್ಲಿಸಿದ, ಕಣ್ಣಿನಿಂದಲೇ ಹಿಂದೆ ನೋಡಿ ಎಂದ. ಅನಂತರಾಜು ತಿರುಗಲಿಲ್ಲ. ತಿರುಗುವ ಅಗತ್ಯವಿರಲಿಲ್ಲ, ಬೆನ್ನ ಹಿಂದಿನ ಮೌನದ ಉದ್ದದಿಂದಲೇ ಯಾರೆಂದು ಗೊತ್ತಾಗಿತ್ತು.

"ಮುಂದೆ... ಹೇಳಿ" ಎಂದರು ಡಾ. ಕಾಶಿನಾಥ್. "ನಾನು... ಮುಂದೆ ಏನು ಹೇಳ್ತೀನಿ ಅಂತ... ನಂಗೂ ಕೇಳ್ಬೇಕು."

ನೆಲದ ಟೈಲ್ಸು ಎದ್ದು ತನ್ನನ್ನು ಒಳಗೆ ಸೇರಿಸಿಕೊಂಡರೆ ಸಾಕೆನ್ನಿಸಿತು. ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು, "ಬನ್ನಿ. ನಿಮ್ಮ ತಂಗಿ... ನೀವೂ ಒಳಗೆ ಇರ್ಬೇಕು ಅಂತಿದ್ದಾರೆ" ಎಂದರು.

ಒಳಗೆ ಕತ್ತಲು, ಏ.ಸಿ.ಯ ಚಳಿ. ಅನಂತರಾಜುವಿಗೂ ಒಂದು ಮಾಸ್ಕು ಕೊಟ್ಟರು. ಶಾಂತಲಾ ಮಂಚದ ಮೇಲೆ ಮಲಗಿದ್ದಳು, ಹೊಟ್ಟೆಗೆ ಜೆಲ್ ಸವರಿತ್ತು. ಸ್ಕ್ಯಾನಿಂಗ್ ಡಾಕ್ಟರು ರಕ್ಷಾ, ಮೋನಿಕಾಳಿಗಿಂತ ಸ್ವಲ್ಪ ದೊಡ್ಡವಳಂತೆ ಕಂಡ ಹುಡುಗಿ, ಸಣ್ಣ ಇಸ್ತ್ರಿಪೆಟ್ಟಿಗೆಯಂಥದ್ದನ್ನು ಆ ಹೊಟ್ಟೆಯ ಮೇಲೆ ಓಡಿಸುತ್ತಿದ್ದಳು. ಪರದೆಯ ಮೇಲೆ ಬೂದು ಬಣ್ಣದ ಮೋಡಗಳು ಉರುಳುತ್ತಿದ್ದವು.

"ಅಂಕಲ್, ಅಲ್ಲೇ ನಿಂತ್ಕೊಳ್ಳಿ. ನೋಡಿ, ಇದು ಸಣ್ಣ ಕರುಳಿನ ಕೊನೆ ಭಾಗ. ಗೋಡೆ ಇಲ್ಲಿ ದಪ್ಪ ಆಗಿದೆ."

ಅಂಕಲ್ ಎಂದದ್ದು ಚುಚ್ಚಿತು. ಆದರೆ ಗೋಡೆ ಎಂದದ್ದು ಅವನನ್ನು ಎಳೆದು ಪರದೆಯ ಹತ್ತಿರ ತಂದಿತು. ಗೋಡೆ ಎಂದರೆ ಅವನಿಗೆ ಗೊತ್ತು. ನಾಲ್ಕಿಂಚಿನ ಗೋಡೆ ಒಂಬತ್ತಿಂಚಾದಂತೆ ಕಾಣುತ್ತಿತ್ತು. ಪದರ ಪದರ, ಊದಿದ ಪ್ಲಾಸ್ಟರಿನ ಹಾಗೆ.

"ಈಗ ಕೈ ನರಕ್ಕೆ ಒಂದು ಔಷಧಿ ಹಾಕ್ತೀವಿ" ಎಂದಳು ರಕ್ಷಾ. "ಅದ್ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿರ್ತವೆ. ರಕ್ತದ ಜೊತೆ ಬಂದು ಕರುಳಿನ ಗೋಡೆಯಲ್ಲಿ ಹೊಳೀತವೆ. ಗೋಡೆ ಒಳಗೇ ನಿಂತ್ರೆ ಅಷ್ಟು ಭಯ ಇಲ್ಲ. ಗೋಡೆ ದಾಟಿ ಒಳಗಿನ ಪೊಳ್ಳಿಗೆ ಸೋರಿದ್ರೆ, ಒಳಪದರ ಕಿತ್ತುಹೋಗಿದೆ ಅಂತ. ಅದು ಸ್ವಲ್ಪ ಕಷ್ಟ."

"ಅಂದ್ರೆ ಸೀಪೇಜು" ಎಂದ ಅನಂತರಾಜು.

"ಹ್ಞಾಂ ಅಂಕಲ್. ಅದೇ ಅಂದ್ಕೊಳ್ಳಿ."

ಕೇಳಬಾರದೆಂದುಕೊಂಡದ್ದು ಅವನ ಬಾಯಿಂದ ಹೊರಬಿತ್ತು. "ಡಾಕ್ಟ್ರೇ, ಒಂದ್ ಮಾತು. ಈ ಕೋಶ ತೆಗೆಯೋವಾಗ... ಕೊಡೋನು ಮನಸ್ಸಲ್ಲಿ ಏನಾದ್ರೂ ಯೋಚ್ನೆ ಮಾಡ್ತಿದ್ರೆ..."

ಡಾ. ಕಾಶಿನಾಥರು ಕತ್ತು ಚಾಚಿದರು. "ಎಂಥಾ... ಯೋಚ್ನೆ?"

"ಹಿಂಗೇ. ಸಾಮಾನ್ಯ."

"ಸಾಮಾನ್ಯ ಯೋಚ್ನೆಗೆ... ತೊಂದ್ರೆ ಇಲ್ಲ."

"ಸಾಮಾನ್ಯಕ್ಕಿಂತ ಸ್ವಲ್ಪ ಜಾಸ್ತಿ ಇದ್ರೆ?"

ಮಂಚದ ಮೇಲೆ ಶಾಂತಲಾ ತಲೆ ಹೊರಳಿಸಿ ಅಣ್ಣನನ್ನು ನೋಡಿದಳು. ಕಣ್ಣು ಕಿರಿದಾಗಲಿಲ್ಲ. ಸುಮ್ಮನೆ ನೋಡಿದಳು. ಮೂಲೆಯಲ್ಲಿದ್ದ ಗೋಪಿ ಏನೂ ಅರ್ಥವಾಗದೆ ತನ್ನ ಮೂಗು ಕೆರೆದುಕೊಂಡ. ಡಾ. ಕಾಶಿನಾಥರು ಬಾಯಿ ತೆರೆದರು. ಅವರ ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ರಕ್ಷಾ, "ಸಾರ್, ಬಂತು" ಎಂದಳು.

ಪರದೆಯ ಕತ್ತಲಲ್ಲಿ ಒಂದು ಚುಕ್ಕಿ ಹೊಳೆಯಿತು. ಆಮೇಲೆ ಹತ್ತು, ಆಮೇಲೆ ಸಂಜೆ ಹೊತ್ತು ತುಮಕೂರು ರಸ್ತೆಯಲ್ಲಿ ಮಾಕಳಿ ಕಡೆಯಿಂದ ಬರುವ ಗಾಡಿಗಳ ದೀಪದ ಹಾಗೆ ಒಂದರ ಹಿಂದೆ ಒಂದು. ಗೋಡೆ ಪೂರ್ತಿ ಬೆಳಗಿತು. ಅನಂತರಾಜು ಉಸಿರು ಹಿಡಿದ. ಅವು ಬರೀ ಗುಳ್ಳೆ, ಅದು ಅವನಿಗೆ ಗೊತ್ತು. ಆದರೆ ಅವನಿಗೆ ಕಂಡದ್ದು ಗುಳ್ಳೆಗಳಲ್ಲ. ಒಂದೊಂದೂ ಬಿಳಿ ಅಂಗಿ ತೊಟ್ಟು, ಹೊಟ್ಟೆ ಮುಂದೆ ತಳ್ಳಿ, ತಲೆಯ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡ ಪುಟ್ಟ ಅನಂತರಾಜು. ಸಾವಿರಾರು ಅನಂತರಾಜುಗಳು ತಂಗಿಯ ಕರುಳಿನ ಗೋಡೆಯ ಉದ್ದಕ್ಕೂ ಸಾಲಾಗಿ ನಿಂತು, ಬಾಗಿಲು ತಟ್ಟಿ, ಹ್ಞುಕ್ಕುಂ, ಅನಂತರಾಜು, ಓನರ್ರು, ಮನೆ ಖಾಲಿ ಮಾಡಿ, ಹ್ಞುಕ್ಕುಂ, ಎಂದು ಏಕಕಾಲಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಎಷ್ಟು ಅಸಹ್ಯವಾಗಿ ಕಾಣುತ್ತೇನೆ ನಾನು ಎಂದು ಮೊದಲ ಬಾರಿಗೆ ಅನ್ನಿಸಿತು. ಎಷ್ಟು ತಮಾಷೆಯಾಗಿ ಕಾಣುತ್ತೇನೆ ಎಂದೂ ಅನ್ನಿಸಿತು. ಶಾಂತಿ ಮಾಡಿದ್ದು ಏನೂ ಜಾಸ್ತಿಯಾಗಿರಲಿಲ್ಲ. ಒಂದು ತೂಕ ಕಡಿಮೆಯೇ ಮಾಡಿದ್ದಳು. ಲೇ, ಸಾಕು ಬನ್ರೋ, ಎಂದು ಅವನು ಒಳಗೊಳಗೇ ಆ ಸಾವಿರ ಮಂದಿಯನ್ನು ಕರೆದ. ಅದು ನಮ್ಮ ಮನೆ ಹೆಣ್ಮಗಳ ಹೊಟ್ಟೆ ಕಣ್ರೋ. ಬಾಡಿಗೆ ಬೇಡ, ಏನೂ ಬೇಡ. ಗೋಡೆ ಮುಟ್ಟಬೇಡಿ. ಗಂಟಲು ಬೇಕಾದರೆ ಸರಿಮಾಡಿಕೊಳ್ಳಿ, ನಗಲಿ ಅವಳು, ಊರೆಲ್ಲ ನಗಲಿ, ಆ ಗೋಡೆಯೊಂದು ದಾಟಬೇಡಿ.

ಗೋಡೆ ಹೊಳೆಯಿತು. ನಡುವಿನ ಪೊಳ್ಳು ಕಪ್ಪಾಗಿಯೇ ಇತ್ತು. ಎಲ್ಲರೂ ಆ ಕಪ್ಪನ್ನೇ ನೋಡುತ್ತಿದ್ದರು. ಕಪ್ಪು ಕಪ್ಪಾಗಿಯೇ ಉಳಿಯಿತು.

"ದಾಟಿಲ್ಲ ಸಾರ್" ಎಂದಳು ರಕ್ಷಾ. "ಎಲ್ಲಾ ಗೋಡೆ ಒಳಗೇ ಇದೆ. ಆದ್ರೆ ನೋಡೋದಕ್ಕೆ ಸೋಂಕಿನ ಥರ ಇಲ್ಲ. ದಾನಿ ಕೋಶಗಳ ಗಲಾಟೆ ಥರಾನೇ ಇದೆ. ಶುರುವಿನ ಹಂತ."

ಅನಂತರಾಜುವಿಗೆ ದಾನಿ ಕೋಶ ಎಂದದ್ದು ಮಾತ್ರ ಕೇಳಿಸಿತು. ಮಂಚದ ಕಂಬಿ ಹಿಡಿದುಕೊಂಡ. ಹಾಗಾದರೆ ನಾನೇ. ಕ್ರಿಮಿಯಲ್ಲ, ನೀರಲ್ಲ, ಬಜ್ಜಿಯೂ ಅಲ್ಲ. ನಾನೇ.

ಡಾ. ಕಾಶಿನಾಥರು ಪರದೆಯಿಂದ ಕತ್ತು ಹಿಂದಕ್ಕೆಳೆದುಕೊಂಡರು. "ನಾಳೆ ಕೊಳವೆ ಹಾಕಿ... ಒಂದು ಚೂರು ತೆಗೆದು ನೋಡ್ತೀವಿ. ಅದ್ರಲ್ಲೇ ಪೂರ್ತಿ ಖಾತ್ರಿ ಆಗೋದು. ಆದ್ರೆ ಚಿತ್ರ ನೋಡಿದ್ರೆ... ಸಣ್ಣ ಜಗಳ. ಔಷಧಿಗೆ ಬಗ್ಗುತ್ತೆ. ಸರಿಯಾದ ಹೊತ್ತಿಗೆ ಹಿಡಿದಿದ್ದೀವಿ." ಆಮೇಲೆ ಅವರು ಅನಂತರಾಜುವಿನ ಕಡೆ ತಿರುಗಿದರು, ಆಗಲೇ ಕೇಳಿದ್ದ ಪ್ರಶ್ನೆಯ ಉತ್ತರ ಈಗ ಬಂದು ತಲುಪಿತೋ ಎಂಬಂತೆ. "ನೋಡಿ... ಈ ಕೋಶಗಳು ತೀರಾ ಸಾಧು ಆಗಿದ್ರೆ... ನಂಗೆ ಸಂತೋಷ ಇಲ್ಲ. ಹಳೇ ಕಾಯಿಲೆ... ಎಲ್ಲಾದ್ರೂ ಮೂಲೇಲಿ ಅವಿತುಕೊಂಡಿದ್ರೆ... ಹುಡುಕಿ ಹೊಡಿಯೋರು ಇವೇ. ಸ್ವಲ್ಪ ಜಗಳಗಂಟತನ... ಇರ್ಬೇಕು. ಜಾಸ್ತಿ ಆಗ್ಬಾರ್ದು. ಪೂರ್ತಿ ತೆಗಿಯೋ ಹಾಗೂ... ಇಲ್ಲ."

"ಸ್ವಲ್ಪ ಇರ್ಬೋದಾ?" ಎಂದ ಅನಂತರಾಜು. ದನಿ ಅವನದಲ್ಲದಂತೆ ಸಣ್ಣಗಾಗಿತ್ತು.

"ಸ್ವಲ್ಪ... ಇರ್ಲಿ."

ಹೊರಗೆ ಬಂದಾಗ ಕಾರಿಡಾರಿನ ಬೆಳಕು ಕಣ್ಣಿಗೆ ಹೊಡೆಯಿತು. ಪಂಚಪ್ಪ ಎದ್ದು ನಿಂತು, ಬೀಸಣಿಗೆಯಾಗಿದ್ದ ಮೊರವನ್ನು ಅಂಗಿಯ ತೋಳಿನಿಂದ ಒರೆಸಿ ಬಾಗಿನದ ಮೇಲೆ ಕವುಚಿ ಅನಂತರಾಜುವಿನ ಎರಡೂ ಕೈಗೆ ಇಟ್ಟ. "ತಗೋರಿ ಯಜಮಾನ್ರ. ಏನೂ ಚೆಲ್ಲಿಲ್ಲ. ಬೆಲ್ಲದ ಒಂದು ಚೂರು ಮಾತ್ರ ಕಡಿಮಿ ಐತಿ, ಅದು ನಂದು." ಗೋಪಿ ಔಷಧಿ ತರಲು ಓಡಿದ. ಗಾಲಿಕುರ್ಚಿಯಲ್ಲಿ ಶಾಂತಲಾ, ನಾಲ್ಕು ಹೆಜ್ಜೆ ಆಚೆ ಮೊರ ಹೊತ್ತ ಅಣ್ಣ. ಏನಾದರೂ ಹೇಳಬೇಕು. ಹಾಸ್ಯವೊಂದನ್ನು ಹುಡುಕಿದ. ಕರುಳು, ಕೋಶ, ಕಸಿ, ಎಲ್ಲ ಮಾತುಗಳೂ ಸಾಲಾಗಿ ಬಂದು, ಬೈಸಿಕೊಂಡ ಮಕ್ಕಳ ಹಾಗೆ ಸುಮ್ಮನೆ ನಿಂತವು. ತಮಾಷೆಯಾಗುವುದಕ್ಕೆ ಒಂದೂ ಒಪ್ಪಲಿಲ್ಲ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎರಡೂ ಕೈಯಲ್ಲಿ ಬಾಗಿನ. ತೆಗೆಯುವ ಹಾಗಿಲ್ಲ, ಕೆಳಗಿಡುವ ಹಾಗಿಲ್ಲ. ಶಾಂತಲಾ ಕೈಯಾಡಿಸಿ ಹತ್ತಿರ ಬಾ ಎಂದಳು. ಮೊರವನ್ನು ಆದಷ್ಟು ದೂರಕ್ಕೆ ಚಾಚಿ ಅವನು ಪಕ್ಕಕ್ಕೆ ಬಾಗಿದ. ಅವಳು ಅವನ ಜೇಬಿನಿಂದ ಫೋನು ತೆಗೆದು, ಅಂಗಾತ ಹಿಡಿದು, ಜೋರಾಗಿ ಕೇಳಿಸುವಂತೆ ಒತ್ತಿದಳು.

"ಅನಂತಾ, ಏನಂದ್ರಲಾ?" ಸೊಣ್ಣಮ್ಮನ ದನಿ ಕಾರಿಡಾರಿಡೀ ತುಂಬಿತು.

ಶಾಂತಲಾ ಅಣ್ಣನನ್ನು ನೋಡಿದಳು. ಕಣ್ಣು ಕಿರಿದಾದವು. ಮಾಸ್ಕಿನೊಳಗಿನಿಂದ, ಹೊಟ್ಟೆಯ ಆಳದಿಂದ, ಅವನದೇ ದನಿ ಬಂತು.

"ಹ್ಞುಕ್ಕುಂ... ಏನಿಲ್ಲ ಕಣಮ್ಮಾ. ಗೋಡೆ ಸ್ವಲ್ಪ ಊದೈತೆ. ಸೋರಿಲ್ಲ. ವಾಸಿ ಆಗುತ್ತೆ ಅಂದ್ರು."

ಪಂಚಪ್ಪ ಬಾಯಿ ಕಳೆದು ಅವಳನ್ನೂ ಇವನನ್ನೂ ಬದಲಿಸಿ ಬದಲಿಸಿ ನೋಡಿದ. ಆಚೆ ಸೊಣ್ಣಮ್ಮ ನಿಡುಸುಯ್ದದ್ದು ಕೇಳಿಸಿತು. ಆಮೇಲೆ ಅವಳು ದನಿ ತಗ್ಗಿಸಿದಳು. "ನಿಜ ಏಳು. ನೀನೇನಾರ ಆ ಮಗೀಗೆ ಬಾಯಾಕಿದ್ಯಾ? ನಂಗೊತ್ತು ಕಣ್ಲಾ ನಿನ್ನ ಬುದ್ಧಿ. ಅವಳ ಮ್ಯಾಲೆ ಕ್ವಾಪ ಇಟ್ಕಂಡೇ ಕೊಟ್ಯಾ?"

ಅನಂತರಾಜು ಮೊರವನ್ನು ಬಿಗಿಯಾಗಿ ಹಿಡಿದ. ಒಳಗೆ ಬಳೆಗಳು ಕಿಣಿ ಎಂದವು. ಶಾಂತಲಾ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಎಷ್ಟೋ ಹೊತ್ತು, ಡಾ. ಕಾಶಿನಾಥರು ಎರಡು ಕಾರು ನಿಲ್ಲಿಸುವಷ್ಟು ಹೊತ್ತು, ಸುಮ್ಮನಿದ್ದಳು.

"ಹ್ಞುಕ್ಕುಂ... ಸ್ವಲ್ಪ ಕೋಪ ಇತ್ತು ಕಣಮ್ಮಾ" ಎಂದಳು, ಅವನ ದನಿಯಲ್ಲಿ. "ಪೂರ್ತಿ ತೆಗೀಬೇಡಿ, ಸ್ವಲ್ಪ ಇರ್ಲಿ ಅಂತ ಡಾಕ್ಟ್ರೇ ಹೇಳವ್ರೆ."

"ಅಂಗಾ? ಸರಿ ಬುಡು. ಬಾಗ್ನ ಕೊಟ್ಯಾ?"

ಕೊಟ್ಟೆ ಎಂದು ತಾನೇ ಹೇಳಬೇಕೆನ್ನಿಸಿತು ಅನಂತರಾಜುವಿಗೆ. ಈ ಒಂದು ಮಾತಾದರೂ ತನ್ನ ಬಾಯಿಂದಲೇ ಬರಬೇಕು. ಕಣ್ಣು ಮಂಜಾಗಿತ್ತು, ಕೂಲಿಂಗ್ ಗ್ಲಾಸ್ ಹಾಕಿಕೊಳ್ಳೋಣವೆಂದರೆ ಅದು ಎಲ್ಲಿದೆಯೋ ಗೊತ್ತಾಗಲಿಲ್ಲ. ಅವನು ಫೋನಿನ ಕಡೆ ಬಾಗಿದ. ಹೆಸರಿಗಿಂತ ಮೊದಲು, ಮಾತಿಗಿಂತ ಮೊದಲು, ಬಂದದ್ದು ಅದೇ.

"ಹ್ಞುಕ್ಕುಂ..."

"ಯಾರ್ಲಾ ಅದು ಪಕ್ಕದಲ್ಲಿ, ಸಾಂತಾನಾ?" ಎಂದಳು ಸೊಣ್ಣಮ್ಮ. "ಉಸಾರಿಲ್ಲದಾಗ್ಲೂ ನಿನ್ನಂಗೆ ಆಡೋದು ಬಿಟ್ಟಿಲ್ವಲ್ಲ ಅವಳು. ಏಳು ಅವಳ್ಗೆ, ಇವತ್ತು ಅಷ್ಟು ಸರ್ಯಾಗ್ ಬರ್ನಿಲ್ಲ ಅಂತ."